ಕುಂಟೆಬಿಲ್ಲೆ ಆಡುವ ಕಾಲು

ಬೆಳಿಗ್ಗೆ ಹಾಲಿನವನ ಸೈಕಲ್ ಗಂಟೆ ಕೇಳಿದರೆ ಸಾಕು, ಮೈಸೂರಿನ ನಮ್ಮಕ್ಕನ ಮನೆಯ ನಾಯಿ ಮುತ್ತು ಗೇಟಿನತ್ತ ಓಡುತ್ತಾಳೆ. ಓಡುತ್ತ ಓಡುತ್ತ ಹಿಂಗಾಲೊಂದನ್ನು ಮೇಲೆತ್ತಿಕೊಂಡು ಎರಡು ಹೆಜ್ಜೆ ಕುಪ್ಪಳಿಸುತ್ತಾಳೆ. ಆಮೇಲೆ ಆ ಕಾಲನ್ನು ಹಿಂದಕ್ಕೊಮ್ಮೆ ಝಾಡಿಸಿ, ಏನೂ ಆಗಿಲ್ಲವೆಂಬಂತೆ ನಾಲ್ಕೂ ಕಾಲೂರಿ ಮುಂದಕ್ಕೆ ಹೋಗುತ್ತಾಳೆ. "ಮುತ್ತು ಕುಂಟೆಬಿಲ್ಲೆ ಆಡ್ತಾಳೆ" ಅಂತ ಮನೆಮಂದಿಯೆಲ್ಲ ಮೂರು ವರ್ಷ ನಕ್ಕಿದ್ದಾಯಿತು. ಒಂದು ದಿನ ಲಸಿಕೆ ಹಾಕಿಸಲು ಹೋದಾಗ ಡಾಕ್ಟರು ಅವಳ ಕಾಲನ್ನು ಮಡಚಿ, ಚಾಚಿ, ಹೆಬ್ಬೆರಳಲ್ಲಿ ಮಂಡಿಯನ್ನು ಒತ್ತಿ ನೋಡಿದರು. "ಮಂಡಿಚಿಪ್ಪು ಜಾರುತ್ತೆ. ಬಲಗಾಲು ಗ್ರೇಡ್ ಮೂರು, ಎಡಗಾಲು ಎರಡು. ಆಪರೇಷನ್ ಬಗ್ಗೆ ಯೋಚನೆ ಮಾಡಿ, ಮೇಡಂ" ಎಂದರು. ಸಂಜೆ ಅಕ್ಕನ ಫೋನು ಬಂತು: "ನೀನು ಏನೇನೋ ಓದ್ತಾ ಇರ್ತೀಯಲ್ಲ, ಹೇಳು. ಕೊಯ್ಯಿಸಬೇಕಾ, ಬೇಡವಾ?"

ಒಂದೇ ಮಾತಿನಲ್ಲಿ ಹೇಳುವಂಥದಲ್ಲ ಅಂತ ಅವತ್ತು ತಪ್ಪಿಸಿಕೊಂಡೆ. ಆಮೇಲೆ ಕೂತು ಓದಿದೆ, ಇಬ್ಬರು ಪಶುವೈದ್ಯರ ತಲೆ ತಿಂದೆ.

ಮೊದಲು ನಾಯಿಯ ಮಂಡಿ ಎಲ್ಲಿದೆ ಎನ್ನುವುದೇ ನಮ್ಮಲ್ಲಿ ಹಲವರಿಗೆ ಗೊತ್ತಿರುವುದಿಲ್ಲ. ನಾಯಿ ಬೆರಳುಗಳ ಮೇಲೆ ನಡೆಯುವ ಪ್ರಾಣಿ. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಬಾಗಿ ಕಾಣುವ ಗಂಟು ಅದರ ಮಂಡಿಯಲ್ಲ, ಹಿಮ್ಮಡಿ. ಮಂಡಿ ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿ, ಕೂದಲಿನೊಳಗೆ ಹುದುಗಿಕೊಂಡಿರುತ್ತದೆ. ತೊಡೆಯ ಮುಂಭಾಗದ ದಪ್ಪ ಸ್ನಾಯು ಕೆಳಗಿಳಿಯುತ್ತ ಗಟ್ಟಿ ಹುರಿಯಾಗಿ, ಕಣಕಾಲಿನ ಮೂಳೆಯ ಮುಂದಿರುವ ಉಬ್ಬಿಗೆ ಬಂದು ಅಂಟಿಕೊಳ್ಳುತ್ತದೆ. ಆ ಹುರಿಯ ನಡುವೆ ಕೂತಿರುವ ಪುಟ್ಟ ಮೂಳೆಯೇ ಮಂಡಿಚಿಪ್ಪು. ತೊಡೆಮೂಳೆಯ ತುದಿಯಲ್ಲಿ ಅದು ಮೇಲೆ ಕೆಳಗೆ ಜಾರಲೆಂದೇ ಒಂದು ಜಾಡಿದೆ, ಜಾಡಿನ ಎರಡೂ ಬದಿಗೆ ದಿಣ್ಣೆಗಳಿವೆ.

ಬಾವಿಯಿಂದ ನೀರು ಸೇದಿದವರಿಗೆ ಇದು ಹೊಸತೇನಲ್ಲ. ಸ್ನಾಯುವಿನ ಹುರಿ ಹಗ್ಗ, ತೊಡೆಮೂಳೆಯ ಜಾಡು ರಾಟೆ. ಅಂಗರಚನಾಶಾಸ್ತ್ರದಲ್ಲಿ ಈ ಜಾಡಿಗೆ ಟ್ರಾಕ್ಲಿಯಾ ಎನ್ನುತ್ತಾರೆ. ಆ ಗ್ರೀಕ್ ಮೂಲದ ಮಾತಿನ ಅರ್ಥವೂ ರಾಟೆಯೇ. ಹಗ್ಗ ರಾಟೆಯ ತೋಡಿನಿಂದ ಪಕ್ಕಕ್ಕೆ ಬಿದ್ದರೆ ಕೊಡ ನಡುವೆಯೇ ನಿಲ್ಲುತ್ತದೆ. ಚಿಪ್ಪು ಪಕ್ಕಕ್ಕೆ ಜಾರಿದರೆ ಕಾಲು ಚಾಚುವುದು ಕಷ್ಟ, ಅದಕ್ಕೇ ನಾಯಿ ಕಾಲೆತ್ತಿಕೊಳ್ಳುತ್ತದೆ. ಹಿಂದಕ್ಕೆ ಝಾಡಿಸಿದಾಗ ಚಿಪ್ಪು ಮತ್ತೆ ಜಾಡಿಗೆ ಬಂದು ಕೂರುತ್ತದೆ. ಕುಂಟೆಬಿಲ್ಲೆಯ ಗುಟ್ಟು ಇಷ್ಟೇ.

ಹಗ್ಗ ಬೀಳಲು ರಾಟೆಯ ತೋಡು ಸವೆದಿರುವುದು ಒಂದು ಕಾರಣ. ರಾಟೆ ಕಟ್ಟಿದ ತೊಲೆಯೇ ವಾರೆಯಾಗಿರುವುದು ಇನ್ನೊಂದು. ಪುಟ್ಟ ತಳಿಗಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯು ಒಳಬದಿಗೆ ಎಳೆಯತೊಡಗಿದರೆ ತೊಡೆಮೂಳೆ ಬಿಲ್ಲಿನಂತೆ ಬಾಗುತ್ತದೆ, ಕಣಕಾಲಿನ ಮೂಳೆ ಒಳಕ್ಕೆ ತಿರುಚಿಕೊಳ್ಳುತ್ತದೆ. ಮರಿಯ ಎಲುಬಿನಲ್ಲಿ ಜಾಡು ಆಳವಾಗುವುದು ಚಿಪ್ಪಿನ ಒತ್ತಡದಿಂದ. ಚಿಪ್ಪು ಅಲ್ಲಿ ಕೂರದಿದ್ದರೆ ಜಾಡು ಮೇಲುಮೇಲಕ್ಕೇ ಉಳಿಯುತ್ತದೆ, ಜಾಡು ಆಳವಿಲ್ಲದ್ದಕ್ಕೆ ಚಿಪ್ಪು ಇನ್ನಷ್ಟು ಜಾರುತ್ತದೆ. ಬಿದ್ದೋ ಗುದ್ದಿಸಿಕೊಂಡೋ ಚಿಪ್ಪು ಜಾರುವುದೂ ಉಂಟು. ಆದರೆ ಹೆಚ್ಚಿನ ನಾಯಿಗಳಿಗೆ ಇದು ಹುಟ್ಟಿನ ಜೊತೆಗೇ ಬಂದದ್ದು, ಮರಿ ಬೆಳೆದಂತೆ ಬಯಲಾಗುವಂಥದು. "ಸೋಫಾ ಮೇಲಿಂದ ಹಾರಿದ್ದಕ್ಕೇ ಹೀಗಾಯ್ತು" ಅಂತ ಅಕ್ಕ ಮೊಮ್ಮಗನನ್ನು ಗದರಿಸಿದ್ದಳು. ಪಾಪ, ಆ ಹುಡುಗನ ತಪ್ಪೇನೂ ಇರಲಿಲ್ಲ.

ಗ್ರೇಡ್ ಎಂಬ ಮಾತು ಬಂದದ್ದು 1968-69ರಲ್ಲಿ. ಕೆನಡಾದ ಗ್ವೆಲ್ಫ್‌ನಲ್ಲಿ ಪಟ್ನಮ್ ಎಂಬುವರು ಬರೆದ ಪ್ರೌಢಪ್ರಬಂಧ, ಮರುವರ್ಷ ಬ್ರಿಟನ್ನಿನ ಸಿಂಗಲ್‌ಟನ್ ಬರೆದ ಲೇಖನ, ಇವೆರಡರಿಂದ ಬಂದ ನಾಲ್ಕು ಹಂತಗಳ ಅಳತೆಯನ್ನೇ ಇವತ್ತಿಗೂ ಬಳಸುತ್ತಾರೆ. ಬೆರಳಿನಿಂದ ಒತ್ತಿದರೆ ಚಿಪ್ಪು ಆಚೆ ಹೋಗಿ, ಬಿಟ್ಟರೆ ತಾನಾಗಿ ವಾಪಸು ಬರುವುದು ಒಂದನೆಯದು. ಆಗಾಗ ತಾನೇ ಜಾರಿ, ತಾನೇ ಸರಿಹೋಗುವುದು ಅಥವಾ ಸರಿಪಡಿಸುವವರೆಗೆ ಆಚೆಯೇ ಉಳಿಯುವುದು ಎರಡನೆಯದು. ಸದಾ ಆಚೆಯೇ ಇದ್ದು, ಕೈಯಿಂದ ತಳ್ಳಿದರೆ ಮಾತ್ರ ಒಳಬಂದು ಮತ್ತೆ ಜಾರಿಹೋಗುವುದು ಮೂರನೆಯದು. ಏನು ಮಾಡಿದರೂ ಒಳಕ್ಕೆ ಬಾರದ್ದು ನಾಲ್ಕನೆಯದು.

ಈ ಅಂಕಿಗೆ ಒಂದು ದೋಷವಿದೆ. ಅದು ಅಳೆಯುವುದು ಚಿಪ್ಪು ಎಲ್ಲಿದೆ ಎಂಬುದನ್ನು, ನಾಯಿಗೆ ಎಷ್ಟು ನೋಯುತ್ತಿದೆ ಎಂಬುದನ್ನಲ್ಲ. ಎರಡನೇ ಗ್ರೇಡಿನ ನಾಯಿ ಪ್ರತಿ ಸಲ ದಿಣ್ಣೆ ದಾಟುವಾಗ ಚಿಪ್ಪಿನ ಕೆಳಗಿನ ಮೃದ್ವಸ್ಥಿ ಉಜ್ಜಿಕೊಂಡು ಮೂರನೇ ಗ್ರೇಡಿನದಕ್ಕಿಂತ ಹೆಚ್ಚು ನರಳಬಹುದು. ಸ್ನಾಯು ಬಿಗಿಹಿಡಿದ ನಾಯಿಯಲ್ಲಿ ಒಬ್ಬರಿಗೆ ಎರಡು ಎಂದು ತೋರಿದ್ದು ಇನ್ನೊಬ್ಬರಿಗೆ ಮೂರು ಎಂದು ತೋರುವುದೂ ಇದೆ. ಇನ್ನೂ ಒಂದು ಮೋಸ ಇದರಲ್ಲಿದೆ, ಅಕ್ಕ ಬಿದ್ದದ್ದು ಅದಕ್ಕೇ. ಎರಡರಿಂದ ಮೂರಕ್ಕೆ ಏರಿದ ಕಾಲಿನಲ್ಲಿ ಚಿಪ್ಪು ಒಳಹೊರಗೆ ಓಡಾಡುವುದೇ ನಿಂತುಹೋಗುತ್ತದೆ. ಆಗ ಕುಪ್ಪಳಿಸುವುದೂ ಕಡಿಮೆಯಾಗುತ್ತದೆ. "ಬಲಗಾಲು ಈಚೆಗೆ ಪರವಾಗಿಲ್ಲ, ಎಡಗಾಲನ್ನೇ ಎತ್ತುತ್ತಾಳೆ" ಅಂತ ಅಕ್ಕ ಸಮಾಧಾನಪಟ್ಟಿದ್ದಳು. ಕೆಟ್ಟದ್ದು ಬಲಗಾಲೇ. ಅದು ಕುಂಟುವುದನ್ನು ಬಿಟ್ಟು ಮಂಡಿ ಅರೆಮಡಚಿಕೊಂಡು ನಡೆಯಲು ಕಲಿತಿತ್ತು, ತೊಡೆ ಬಡವಾಗಿತ್ತು. ಎರಡೂ ತೊಡೆಗಳನ್ನು ಒಟ್ಟಿಗೆ ಮುಟ್ಟಿ ನೋಡಿದ್ದರೆ ಮನೆಯಲ್ಲೇ ತಿಳಿಯುತ್ತಿತ್ತು.

ಯಾವ ತಳಿಗಳಿಗೆ ಇದು ಹೆಚ್ಚು? ಇಂಗ್ಲೆಂಡಿನ 119 ಕ್ಲಿನಿಕ್‌ಗಳಿಗೆ 2009ರಿಂದ 2014ರವರೆಗೆ ಬಂದ 2,10,824 ನಾಯಿಗಳ ದಾಖಲೆಗಳನ್ನು ವೆಟ್‌ಕಂಪಾಸ್ ಯೋಜನೆಯವರು ಜಾಲಾಡಿದ್ದರು. ಒಟ್ಟು ಶೇ. 1.30ರಷ್ಟು ನಾಯಿಗಳಲ್ಲಿ ಈ ತೊಂದರೆ ಕಂಡಿತ್ತು. ಬೆರಕೆ ನಾಯಿಗಳಿಗೆ ಹೋಲಿಸಿದರೆ ಪೊಮೇರಿಯನ್‌ಗೆ ಸುಮಾರು ಆರೂವರೆ ಪಟ್ಟು, ಚಿವಾವಾ, ಯಾರ್ಕ್‌ಶೈರ್ ಟೆರಿಯರ್, ಫ್ರೆಂಚ್ ಬುಲ್‌ಡಾಗ್‌ಗಳಿಗೆ ಐದರಿಂದ ಆರು ಪಟ್ಟು ಹೆಚ್ಚು ಸಾಧ್ಯತೆ. ಇಲ್ಲಿ ನಮ್ಮವರು ಒಂದು ವಿಷಯ ಗಮನಿಸಬೇಕು. ನಾವು ತಲೆಮಾರಿನಿಂದ ಪಮೇರಿಯನ್ ಅಂತ ಕರೆದು ಸಾಕಿದ, 1994ರ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿಯ ಜಾತಿಯ ಬಿಳಿ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಬ್ರಿಟನ್ನಿನವರು ಪೊಮೇರಿಯನ್ ಅನ್ನುವುದು ಅದಕ್ಕಿಂತ ಪುಟ್ಟ, ಗುಂಡಗಿನ, ಈಗ ನಮ್ಮ ಅಂಗಡಿಗಳಲ್ಲಿ 'ಟಾಯ್ ಪಾಮ್' ಅಂತ ಮಾರುವ ನಾಯಿ. ಆ ಅಂಕಿಯನ್ನು ನೇರ ತಂದು ಮುತ್ತುವಿನಂಥ ಸ್ಪಿಟ್ಜ್‌ನ ಕೊರಳಿಗೆ ಕಟ್ಟುವಂತಿಲ್ಲ.

ಅದೇ ಅಧ್ಯಯನದಲ್ಲಿ ನನ್ನ ಕಣ್ಣು ನಿಂತದ್ದು ಬೇರೊಂದು ಸಾಲಿನ ಮೇಲೆ. ಹೊಸದಾಗಿ ಪತ್ತೆಯಾದ 751 ನಾಯಿಗಳಲ್ಲಿ 293ಕ್ಕೆ ಔಷಧೋಪಚಾರ ನಡೆಯಿತು, ಶಸ್ತ್ರಚಿಕಿತ್ಸೆ ಆದದ್ದು 99ಕ್ಕೆ, ಅಂದರೆ ಶೇ. 13ಕ್ಕೆ. ಹಾಗಾದರೆ "ಚಿಪ್ಪು ಜಾರಿದೆ" ಎಂದ ಕೂಡಲೇ ಆಪರೇಷನ್ ಟೇಬಲ್ಲಿಗೆ ಹತ್ತಿಸುವುದು ಅಲ್ಲಿ ರೂಢಿಯಲ್ಲ. ಬಹುಪಾಲು ಪುಟ್ಟ ನಾಯಿಗಳು ಚಾಕುವಿಲ್ಲದೆಯೇ ಬಾಳು ಸಾಗಿಸುತ್ತವೆ. ಚೆನ್ನಾಗಿಯೇ ಸಾಗಿಸುತ್ತವೆಯೇ ಎನ್ನುವುದು ಬೇರೆ ಮಾತು, ಆ ದಾಖಲೆಗಳಿಂದ ಅದು ತಿಳಿಯುವುದಿಲ್ಲ.

ತಿಳಿಯಬೇಕಾದರೆ ನಾಯಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. 2020ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನ ಅದನ್ನು ಮಾಡಿತು. ಕುಂಟದೆ ಇದ್ದ, ಪರೀಕ್ಷೆಯಲ್ಲಿ ಮಾತ್ರ ಎರಡನೇ ಗ್ರೇಡ್ ಎಂದು ಗೊತ್ತಾದ ಕಾಲುಗಳು ಮುಂದೆ ಏನಾದವು ಎಂದು ನೋಡಿತು. ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳು ಮುಂದೊಂದು ದಿನ ಕುಂಟಿದವು, ಉಳಿದರ್ಧ ಕುಂಟಲಿಲ್ಲ. ಇದನ್ನು ನಾನು ಅಕ್ಕನಿಗೆ ಹೇಳಿದಾಗ "ಅಂದ್ರೆ ಏನೂ ಹೇಳಿದಂತಾಗಲಿಲ್ಲ" ಎಂದಳು. ನನಗೆ ಹಾಗನ್ನಿಸಲಿಲ್ಲ. ಕುಂಟದ ಎರಡನೇ ಗ್ರೇಡನ್ನು ಮುಂಜಾಗ್ರತೆಗೆಂದು ಕೊಯ್ದರೆ, ಆ ಕೊಯ್ತ ಬೇಕಿಲ್ಲದ ನಾಯಿಗಳನ್ನೂ ಅಷ್ಟೇ ಸಂಖ್ಯೆಯಲ್ಲಿ ಕೊಯ್ದಂತೆ. ಹಾಗೆಂದು "ಏನೂ ಆಗಲ್ಲ" ಅಂತ ಮರೆತುಬಿಟ್ಟರೆ ಮುಂದೆ ಕುಂಟುವ ಅರ್ಧದ ಪಾಲಿಗೆ ಮೋಸ. ಕಾಯಬಹುದು, ಆದರೆ ಕಣ್ಣಿಟ್ಟು ಕಾಯಬೇಕು.

ಕಣ್ಣಿಟ್ಟು ಕಾಯುವುದು ಅಂದರೆ ಏನು? ಮೊದಲಿಗೆ ತೂಕ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಜೋಡಿಯಾಗಿ ಸಾಕಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಕಾಲುಭಾಗ ಊಟ ಕಡಿಮೆ ಹಾಕಿ, ಜೀವಮಾನವಿಡೀ ನೋಡಿದ ಪ್ರಸಿದ್ಧ ಅಧ್ಯಯನವೊಂದಿದೆ. ಅದರ ಫಲಿತಾಂಶ 2002ರಲ್ಲಿ ಬಂತು. ಕಡಿಮೆ ತಿಂದವು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಕೀಲು ಸವೆತವೂ ಅವಕ್ಕೆ ತಡವಾಗಿ ಬಂತು. ಅದು ಲ್ಯಾಬ್ರಡಾರಿನ ಮಾತು, ಚಿಪ್ಪಿನ ಮಾತಲ್ಲ. ಆದರೆ ಕೀಲಿನ ಮೇಲೆ ಭಾರದ ಲೆಕ್ಕ ಎಲ್ಲ ನಾಯಿಗೂ ಒಂದೇ. ಆರು ಕಿಲೋ ಇರಬೇಕಾದ ನಾಯಿ ಏಳೂವರೆ ಕಿಲೋ ಆದರೆ ನಾವು ಅದನ್ನು "ಮುದ್ದಾಗಿದೆ" ಅನ್ನುತ್ತೇವೆ. ಲೆಕ್ಕ ಹಾಕಿದರೆ ಅದು ಅರವತ್ತು ಕಿಲೋ ಆಸಾಮಿ ಎಪ್ಪತ್ತೈದಾದಂತೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಿಗೆ ಸುಲಭವಾಗಿ ಸಿಗಬೇಕು. ಮುತ್ತುವಿಗೆ ಸಿಗುತ್ತಿದ್ದ ಮೊಸರನ್ನ, ಚಪಾತಿ ಚೂರು, ಸಂಜೆಯ ಮಾರಿ ಬಿಸ್ಕತ್ತುಗಳ ಪಟ್ಟಿ ಮಾಡಿದ ಮೇಲೆ ಅಕ್ಕನೇ ಬೆಚ್ಚಿದಳು.

ಎರಡನೆಯದು ನೆಲ. ಇದರ ಬಗ್ಗೆ ಪುಸ್ತಕಗಳಲ್ಲಿ ಒಂದೆರಡು ಸಾಲು ಇರುತ್ತದೆ, ನಮ್ಮ ಮನೆಗಳಲ್ಲಿ ಮಾತ್ರ ಇದೇ ದೊಡ್ಡ ವಿಷಯ. ಅಕ್ಕ ಹಳೆಯ ಕೆಂಪು ನೆಲ ಕಿತ್ತು, ಮುಖ ಕಾಣುವಂಥ ವಿಟ್ರಿಫೈಡ್ ಟೈಲ್ಸ್ ಹಾಕಿಸಿದ್ದಾಳೆ. ಮನುಷ್ಯರೇ ಕಾಲು ಜಾರುವ ಆ ನೆಲದಲ್ಲಿ ನಾಯಿ ತಿರುಗುವಾಗ ಹಿಂಗಾಲು ಹೊರಕ್ಕೆ ಹೋಗುತ್ತದೆ, ಮಂಡಿ ತಿರುಚುತ್ತದೆ. ನೆಲ ಚಿಪ್ಪನ್ನು ಕೆಡಿಸುವುದಿಲ್ಲ, ಕೆಟ್ಟ ಚಿಪ್ಪನ್ನು ಪದೇ ಪದೇ ಜಾರಿಸುತ್ತದೆ. ಮುತ್ತು ಓಡುವ ದಾರಿಗೆ ತೆಂಗಿನ ನಾರಿನ ಚಾಪೆ, ಭಾವ ಬಿಟ್ಟುಬಿಟ್ಟ ಯೋಗದ ಮ್ಯಾಟು, ಸೋಫಾದ ಪಕ್ಕ ಒಂದು ಮಣೆ, ಪಾದದ ಬೆರಳ ಸಂದಿನಲ್ಲಿ ಬೆಳೆದ ಕೂದಲಿಗೆ ಕತ್ತರಿ, ಉಗುರಿಗೆ ಕಟರ್. ಖರ್ಚು ಹೆಚ್ಚಿಲ್ಲ. ಹದಿನೈದು ದಿನದಲ್ಲಿ ವ್ಯತ್ಯಾಸ ಕಂಡಿತು.

ವ್ಯಾಯಾಮದ ವಿಷಯದಲ್ಲಿ ಎರಡು ಅತಿಗಳಿವೆ. ಕಾಲು ನೋವೆಂದು ತಿಂಗಳುಗಟ್ಟಲೆ ಕಟ್ಟಿಹಾಕಿದರೆ ಚಿಪ್ಪನ್ನು ಹಿಡಿದಿಡಬೇಕಾದ ತೊಡೆಯ ಸ್ನಾಯುವೇ ಸೊರಗುತ್ತದೆ. ಚೆಂಡು ಎಸೆದು ಹಾರಿಸಿದರೆ ಮಂಡಿ ತಿರುಚುತ್ತದೆ. ಬೆಲ್ಟು ಹಾಕಿ ನಿಧಾನವಾಗಿ ನಡೆಸುವುದು, ಅದರಲ್ಲೂ ಸಣ್ಣ ಏರಿನಲ್ಲಿ ನಡೆಸುವುದು, ತುಣುಕು ತೋರಿಸಿ ಕೂರಿಸಿ ಎಬ್ಬಿಸುವುದು, ಅನುಕೂಲವಿದ್ದರೆ ನೀರಿನಲ್ಲಿ ನಡೆಸುವುದು ಒಳ್ಳೆಯದು. ಇದರಿಂದ ವಾರೆಯಾದ ಎಲುಬು ನೆಟ್ಟಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಗ್ರೇಡ್ ಮೂರನ್ನು ವ್ಯಾಯಾಮದಿಂದಲೇ ಒಂದಕ್ಕೆ ಇಳಿಸಿಕೊಡುತ್ತೇವೆ ಎನ್ನುವವರು ತೊಲೆಯನ್ನು ಮುಟ್ಟದೆ ಹಗ್ಗವನ್ನು ಮಾತ್ರ ತಿಕ್ಕುತ್ತಿದ್ದಾರೆ.

ಮಾತ್ರೆಗಳ ಬಗ್ಗೆ ಚಿಕ್ಕದಾಗಿ. ನೋವಿದ್ದ ದಿನಗಳಿಗೆ ಮೆಲಾಕ್ಸಿಕಾಮ್, ಕಾರ್‌ಪ್ರೊಫೆನ್‌ನಂಥ ಔಷಧಿಗಳನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ, ದೀರ್ಘಕಾಲ ಬೇಕಾದರೆ ರಕ್ತಪರೀಕ್ಷೆ ಮಾಡಿಸಿ ಕೊಡುತ್ತಾರೆ. ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್‌ಗಳನ್ನು "ಅರ್ಧ ಮಾತ್ರೆ ತಾನೇ" ಅಂತ ಕೊಡುವವರಿದ್ದಾರೆ. ಐದು ಕಿಲೋ ನಾಯಿಗೆ ಆ ಅರ್ಧವೇ ಹೊಟ್ಟೆಯಲ್ಲಿ ಹುಣ್ಣು ತಂದು ಮೂತ್ರಪಿಂಡ ಕೆಡಿಸಲು ಸಾಕಾಗಬಹುದು. ಗ್ಲೂಕೋಸಮೈನ್ ಪುಡಿಗಳ ಮಾರಾಟಕ್ಕೂ ಅವುಗಳ ಪರವಾಗಿರುವ ಸಾಕ್ಷ್ಯಕ್ಕೂ ತಾಳೆಯಿಲ್ಲ. ಮೀನಿನ ಎಣ್ಣೆಯ ಒಮೆಗಾ-3ಗೆ ಕೀಲು ಸವೆತದಲ್ಲಿ ಅದಕ್ಕಿಂತ ಒಳ್ಳೆಯ ಆಧಾರವಿದೆ. ಮಂಡಿಗೆ ಕಟ್ಟುವ ಪಟ್ಟಿಗಳು ಪುಟ್ಟ ನಾಯಿಯ ಆ ಗುಂಡಗಿನ ತೊಡೆಯ ಮೇಲೆ ನಿಲ್ಲುವುದೇ ಕಷ್ಟ. ನಾನಾದರೆ ಆ ದುಡ್ಡನ್ನು ಚಾಪೆಗೆ ಹಾಕುತ್ತೇನೆ.

ಇನ್ನು ಚಾಕುವಿನ ವಿಷಯ. ನಮ್ಮ ಊರುಕಡೆ ಹಿಂಗಾಲು ಸೆಟೆದು ಹಿಂದಕ್ಕೆ ಎಳೆಯುವ ಎತ್ತುಗಳನ್ನು ನೋಡಿದ ನೆನಪು ನನಗಿದೆ. ಅಲ್ಲಿ ತೊಂದರೆ ಚಿಪ್ಪು ಮೇಲಕ್ಕೆ ಸಿಕ್ಕಿಕೊಳ್ಳುವುದು. ಪಶುವೈದ್ಯರು ಬಂದು, ಒಳಬದಿಯ ಒಂದು ಕಟ್ಟನ್ನು ಸಣ್ಣ ಗಾಯದಲ್ಲೇ ಕತ್ತರಿಸಿ, ಕೆಲವೇ ನಿಮಿಷದಲ್ಲಿ ಎತ್ತನ್ನು ಸರಿಯಾಗಿ ನಡೆಸಿಬಿಡುತ್ತಿದ್ದರು. ಅದನ್ನು ಕಂಡವರಿಗೆ ನಾಯಿಯದೂ ಹಾಗೇ ಒಂದು ಕತ್ತರಿಯ ಕೆಲಸ ಅನ್ನಿಸುತ್ತದೆ. ಹೆಬ್ಬಾಳದಲ್ಲಿ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಶುರುವಾದ ಕಾಲಕ್ಕೆ ಮಂಡಿಯ ಚಿಕಿತ್ಸೆ ಎಂದರೆ ಜನಕ್ಕೆ ನೆನಪಾಗುತ್ತಿದ್ದುದು ಹೊಲ ಉಳುವ ಎತ್ತೇ ಇರಬೇಕು. ನಾಯಿಯ ಕತೆ ಬೇರೆ. ಇಲ್ಲಿ ಕತ್ತರಿಸಿದರೆ ಸಾಲದು, ಕಟ್ಟಬೇಕು.

ಮೊದಲು ರಾಟೆಯ ತೋಡನ್ನು ಆಳ ಮಾಡುತ್ತಾರೆ. ಹಿಂದೆ ಜಾಡನ್ನು ಉಜ್ಜಿ ಕೆರೆದು ತಗ್ಗು ಮಾಡುತ್ತಿದ್ದರು, ಅದರಲ್ಲಿ ನುಣುಪಾದ ಮೃದ್ವಸ್ಥಿಯೇ ಹಾಳಾಗುತ್ತಿತ್ತು. ಈಗಿನ ಕ್ರಮ ಜಾಣತನದ್ದು. ಕಲ್ಲಂಗಡಿ ಹಣ್ಣಿನವನು ಕೆಂಪಗಿದೆಯೇ ತೋರಿಸಲು ಒಂದು ತುಂಡು ಕೊಯ್ದು ತೆಗೆದು ಮತ್ತೆ ಅಲ್ಲೇ ಕೂರಿಸುತ್ತಾನಲ್ಲ, ಹಾಗೆ ಮೃದ್ವಸ್ಥಿಯ ಸಮೇತ ಒಂದು ತುಂಡನ್ನು ಎತ್ತಿ, ಕೆಳಗಿನ ಎಲುಬನ್ನು ತಗ್ಗಿಸಿ, ತುಂಡನ್ನು ವಾಪಸು ಕೂರಿಸುತ್ತಾರೆ. ಮೇಲ್ಮೈ ಹಳೆಯದೇ, ಆಳ ಹೊಸದು. ಎರಡನೆಯ ಕೆಲಸ ತೊಲೆಯದ್ದು. ಹುರಿ ಅಂಟಿಕೊಂಡಿರುವ ಕಣಕಾಲಿನ ಉಬ್ಬನ್ನು ಎಲುಬಿನ ಸಮೇತ ಕೊಯ್ದು, ಹೊರಬದಿಗೆ ಸರಿಸಿ, ಸಣ್ಣ ಪಿನ್ನುಗಳಿಂದ, ಬೇಕಾದರೆ ತಂತಿಯಿಂದ ಬಿಗಿಯುತ್ತಾರೆ. ಹಗ್ಗ ಆಗ ನೆಟ್ಟಗಾಗುತ್ತದೆ. ಕೊನೆಗೆ ಒಳಬದಿಯ ಬಿಗಿಯನ್ನು ಸಡಿಲಿಸಿ, ಹೊರಬದಿಯ ಸಡಿಲವನ್ನು ಮಡಚಿ ಹೊಲಿಯುತ್ತಾರೆ. ತೊಡೆಮೂಳೆಯೇ ತೀರಾ ಬಾಗಿದ್ದರೆ ಅದನ್ನೂ ಕತ್ತರಿಸಿ ನೇರಮಾಡಿ ಪ್ಲೇಟು ಹಾಕಬೇಕಾಗುತ್ತದೆ. ಬರೀ ಹೊಲಿಗೆಯಿಂದ ಮುಗಿಸುತ್ತೇನೆ ಎನ್ನುವ ಶಸ್ತ್ರವೈದ್ಯರನ್ನು, ಅದರಲ್ಲೂ ಗ್ರೇಡ್ ಮೂರಕ್ಕೆ, ಒಂದು ಪ್ರಶ್ನೆ ಹೆಚ್ಚಿಗೆ ಕೇಳುವುದು ಒಳ್ಳೆಯದು.

ಯಾಕೆಂದರೆ ಬ್ರಿಟನ್ನಿನಲ್ಲಿ 109 ನಾಯಿಗಳ ಶಸ್ತ್ರಚಿಕಿತ್ಸೆಗಳನ್ನು ನೋಡಿ 2006ರಲ್ಲಿ ಪ್ರಕಟವಾದ ವರದಿ ಸಾರಿದ್ದು ಇದನ್ನೇ. ಉಬ್ಬನ್ನು ಸರಿಸಿದ, ಜಾಡನ್ನು ಆಳ ಮಾಡಿದ ಕಾಲುಗಳಲ್ಲಿ ಚಿಪ್ಪು ಮತ್ತೆ ಜಾರುವುದು ಬಹಳ ಕಡಿಮೆ. ಒಟ್ಟಾರೆ ಶೇ. 18ರಷ್ಟು ಪ್ರಕರಣಗಳಲ್ಲಿ ಏನಾದರೊಂದು ತೊಡಕು ಬಂತು, ಶೇ. 13ರಲ್ಲಿ ಅದು ದೊಡ್ಡ ತೊಡಕೇ ಆಗಿತ್ತು, ಶೇ. 8ರಲ್ಲಿ ಚಿಪ್ಪು ಮತ್ತೆ ಜಾರಿತು. ಇಪ್ಪತ್ತು ಕಿಲೋ ಮೀರಿದ ನಾಯಿಗಳಲ್ಲಿ ತೊಡಕು ಹೆಚ್ಚು. ಪಿನ್ನು ಸಡಿಲವಾಗಿ ಚರ್ಮಕ್ಕೆ ಚುಚ್ಚುವುದು, ಸರಿಸಿದ ಉಬ್ಬು ಮುರಿಯುವುದು, ಸೋಂಕು, ಇವೆಲ್ಲ ಅದರಲ್ಲಿ ಸೇರಿವೆ. ಹತ್ತರಲ್ಲಿ ಎಂಟು ಸಲ ಸಲೀಸು ಎಂದೂ ಇದನ್ನು ಓದಬಹುದು, ಐದಾರು ನಾಯಿಗೆ ಒಂದಕ್ಕೆ ಸಂಕಟ ಎಂದೂ ಓದಬಹುದು. ಡಾಕ್ಟರು ಮೊದಲಿನಂತೆ ಓದುತ್ತಾರೆ, ನಾಯಿಯ ಒಡೆಯರು ಎರಡನೆಯದರಂತೆ.

ಇದಕ್ಕಿಂತ ನನ್ನನ್ನು ಕಾಡಿದ್ದು ಎರಡು ಹಳೆಯ ಅಧ್ಯಯನಗಳು. 1987ರ ಒಂದರಲ್ಲಿ, ಶಸ್ತ್ರಚಿಕಿತ್ಸೆಯಾದ ಮಂಡಿಗಳನ್ನು ಕೆಲಕಾಲದ ನಂತರ ಮುಟ್ಟಿ ನೋಡಿದರೆ ಸುಮಾರು ಅರ್ಧದಷ್ಟರಲ್ಲಿ ಚಿಪ್ಪು ಮತ್ತೆ ಸ್ವಲ್ಪ ಜಾರುತ್ತಿತ್ತು. ಆದರೂ ಹತ್ತರಲ್ಲಿ ಒಂಬತ್ತು ಕಾಲುಗಳು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಕೈಗೆ ಸಿಗುವ ದೋಷವೂ ನಾಯಿ ಅನುಭವಿಸುವ ತೊಂದರೆಯೂ ಒಂದೇ ಅಲ್ಲ ಎಂಬುದಕ್ಕೆ ಇದು ಸಾಕ್ಷಿ. 1992ರ ಇನ್ನೊಂದು ಅಧ್ಯಯನ ಬಹಳ ಚುರುಕಿನದು. ಎರಡೂ ಕಾಲಿನಲ್ಲಿ ತೊಂದರೆಯಿದ್ದು, ಒಂದು ಕಾಲಿಗಷ್ಟೇ ಶಸ್ತ್ರಚಿಕಿತ್ಸೆಯಾದ ನಾಯಿಗಳನ್ನು ಆರಿಸಿಕೊಂಡರು. ಅದೇ ವಯಸ್ಸು, ಅದೇ ತೂಕ, ಅದೇ ಮನೆ. ಒಂದು ಕಾಲು ಕೊಯ್ದದ್ದು, ಇನ್ನೊಂದು ಕೊಯ್ಯದ್ದು. ಎಕ್ಸ್‌ರೇಯಲ್ಲಿ ಕೀಲು ಸವೆತ ಎರಡು ಕಾಲಿನಲ್ಲೂ ಮುಂದುವರಿದಿತ್ತು. ನಾಯಿಗಳ ಸಂಖ್ಯೆ ಸಣ್ಣದು, ವಿಧಾನಗಳು ಹಳೆಯವು, ನಿಜ. ಆದರೂ "ಈಗ ಆಪರೇಷನ್ ಮಾಡಿಸಿದರೆ ಮುಂದೆ ಆರ್ಥ್ರೈಟಿಸ್ ಬರಲ್ಲ" ಎಂಬ ಆಶ್ವಾಸನೆಯನ್ನು ಇದು ಅಲ್ಲಾಡಿಸುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸುವುದು ಇವತ್ತಿನ ಕುಂಟನ್ನು, ನೋವನ್ನು ನೀಗಲು. ಹತ್ತು ವರ್ಷದ ನಂತರದ ಎಕ್ಸ್‌ರೇಗಾಗಿ ಅಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮಂಡಿಯೊಳಗಿನ ಕ್ರೂಸಿಯೇಟ್ ಕಟ್ಟು ಇದೆ. ಚಿಪ್ಪು ಆಚೆಯಿದ್ದಷ್ಟೂ ಕಣಕಾಲು ತಿರುಚಿಕೊಂಡಿರುತ್ತದೆ, ಆ ಕಟ್ಟು ಎಳೆದಾಡುತ್ತದೆ. 162 ನಾಯಿಗಳನ್ನು ನೋಡಿದ 2010ರ ವರದಿಯಲ್ಲಿ ಶೇ. 41ರಷ್ಟಕ್ಕೆ ಈ ಕಟ್ಟೂ ಹರಿದಿತ್ತು. ಇವು ಆಸ್ಪತ್ರೆಯ ತನಕ ಬಂದ ನಾಯಿಗಳು, ಹಾಗಾಗಿ ಎಲ್ಲ ನಾಯಿಗಳ ಲೆಕ್ಕ ಇಷ್ಟಿರಲಾರದು. ಆದರೂ ನಡುವಯಸ್ಸು ದಾಟಿದ, ವರ್ಷಗಳಿಂದ ಆಗೊಮ್ಮೆ ಈಗೊಮ್ಮೆ ಕುಪ್ಪಳಿಸುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕಾಲೂರದೇ ಇದ್ದರೆ ಅದು ಹಳೆಯ ಕುಂಟೆಬಿಲ್ಲೆಯಲ್ಲ. ಅವತ್ತೇ ತೋರಿಸಬೇಕು.

ಮರಿಗಳ ವಿಷಯದಲ್ಲಿ ಮಾತ್ರ ಕಾಯುವ ಮಾತಿಲ್ಲ. ಎರಡು ಮೂರು ತಿಂಗಳಿಗೇ ಚಿಪ್ಪು ಪೂರ್ತಿ ಆಚೆಯಿದ್ದು, ಮರಿ ಕಪ್ಪೆಯಂತೆ ಕಾಲು ಮಡಚಿಕೊಂಡು ತೆವಳುತ್ತಿದ್ದರೆ ಎಲುಬು ಬೆಳೆದಷ್ಟೂ ವಾರೆಯಾಗುತ್ತದೆ. ತಡಮಾಡಿದರೆ ಮುಂದೆ ಮೂರು ಕಡೆ ಎಲುಬು ಕತ್ತರಿಸಿದರೂ ಸರಿಹೋಗದು. ದೊಡ್ಡ ತಳಿಗಳಲ್ಲೂ ವೈದ್ಯರು ಬೇಗ ಚಾಕುವಿನತ್ತ ವಾಲುತ್ತಾರೆ. ಮೂವತ್ತು ಕಿಲೋ ಭಾರ ಹೊತ್ತ ಚಿಪ್ಪು ದಿಣ್ಣೆ ದಾಟಿದರೆ ಮೃದ್ವಸ್ಥಿ ಉಳಿಯುವುದಿಲ್ಲ. ಇತ್ತ ಹನ್ನೆರಡು ವರ್ಷದ, ಹೃದಯದಲ್ಲಿ ಗೊರಗೊರ ಶಬ್ದವಿರುವ, ಗ್ರೇಡ್ ಮೂರಿದ್ದೂ ಊಟಕ್ಕೆ ಕುಣಿದು ಬರುವ ಪುಟ್ಟ ನಾಯಿಯನ್ನು ಅರಿವಳಿಕೆಗೆ ಒಡ್ಡಲು ನನಗಂತೂ ಮನಸ್ಸು ಬರುವುದಿಲ್ಲ. ಪುಟ್ಟ ತಳಿಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆಯೂ ಹೆಚ್ಚು. ಕೆಮ್ಮು ಇದ್ದರೆ ಮಂಡಿಗಿಂತ ಮೊದಲು ಅದನ್ನು ಹೇಳಬೇಕು.

ಇದೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಹೀಗೆ ನಿಂತಿದೆ. ಗ್ರೇಡ್ ಒಂದಕ್ಕೆ ಚಾಕು ಬೇಡ. ಎರಡಕ್ಕೆ, ಕುಂಟು ಅಪರೂಪವಾಗಿರುವಷ್ಟು ದಿನ ಬೇಡ. ದಿನಾ ಕುಂಟತೊಡಗಿದರೆ, ತೊಡೆ ಬಡವಾದರೆ, ನಡೆಯಲು ಬೇಸರಪಟ್ಟರೆ ಬೇಕು. ಮೂರಕ್ಕೆ, ಎಳೆಯ ಮತ್ತು ನಡುವಯಸ್ಸಿನ ನಾಯಿಯಾದರೆ ಮಾಡಿಸುವುದೇ ವಾಸಿ. ನಾಲ್ಕರಲ್ಲಿ ಮರಿಗೆ ತುರ್ತು, ಮುದಿಗೆ ಚರ್ಚೆ. ಈ ಗೆರೆಗಳು ಕಲ್ಲಿನ ಮೇಲೆ ಬರೆದವಲ್ಲ. ಮೆಟ್ಟಿಲಿಲ್ಲದ ಮನೆ, ಗಟ್ಟಿ ಮನಸ್ಸಿನ ಒಡತಿ, ಆರೆಂಟು ವಾರ ನಾಯಿಯನ್ನು ಕೋಣೆಯಲ್ಲಿ ಇರಿಸಿ ಬೆಲ್ಟಿನಲ್ಲೇ ಹೊರಗೊಯ್ಯುವ ಮಂದಿ ಇದ್ದಾರೆಯೇ ಎಂಬುದರ ಮೇಲೆ ಅವು ಸರಿಯುತ್ತವೆ. ಶಸ್ತ್ರಚಿಕಿತ್ಸೆ ಕೆಡುವುದು ಟೇಬಲ್ಲಿನ ಮೇಲಷ್ಟೇ ಅಲ್ಲ, ನಾಲ್ಕನೇ ವಾರ "ಚೆನ್ನಾಗಿ ನಡೀತಾಳಲ್ಲ" ಅಂತ ಸೋಫಾ ಹತ್ತಲು ಬಿಟ್ಟಾಗಲೂ ಕೆಡುತ್ತದೆ. ದುಡ್ಡಿನ ಮಾತೂ ಇದೆ. ಹುಟ್ಟಿನಿಂದ ಬಂದ ದೋಷಕ್ಕೆ ವಿಮೆ ಸಾಮಾನ್ಯವಾಗಿ ಒದಗುವುದಿಲ್ಲ. ದುಡ್ಡು ಹೊಂದಿಸಲಾಗದವರು ತಪ್ಪಿತಸ್ಥರೂ ಅಲ್ಲ. ತೂಕ, ಚಾಪೆ, ನೋವಿನ ಔಷಧಿಗಳಿಂದ ಎರಡನೇ ಗ್ರೇಡಿನ ನಾಯಿಗೆ ಒಳ್ಳೆಯ ಬದುಕು ಕೊಡಬಹುದು.

ಒಂದು ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಚಿಪ್ಪು ಜಾರುವ ನಾಯಿಯಿಂದ ಮರಿ ಹಾಕಿಸಬಾರದು. ಆಪರೇಷನ್ ಆಗಿ ಕಾಲು ನೆಟ್ಟಗಾದರೂ ವಂಶವಾಹಿ ನೆಟ್ಟಗಾಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಫ್ಲ್ಯಾಟ್‌ಕೋಟೆಡ್ ರಿಟ್ರೀವರ್ ತಳಿಯವರು ಜೋಡಿ ಕಟ್ಟುವ ಮುನ್ನ ಮಂಡಿ ಪರೀಕ್ಷೆ ಮಾಡಿಸುವ ಕ್ರಮ ತಂದರು. ಆಮೇಲೆ ಆ ತಳಿಯಲ್ಲಿ ತೊಂದರೆ ಶೇ. 28ರಿಂದ 18ಕ್ಕೆ ಇಳಿಯಿತು. ಯಾವ ಚಾಕುವಿಗೂ ಇಷ್ಟೊಂದು ಮಂಡಿಗಳನ್ನು ಉಳಿಸಲಾಗದು. ನಮ್ಮಲ್ಲಿ ನಾಯಿ ತಳಿ ಬೆಳೆಸುವವರಿಗೆಂದು 2017ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ತಂದಿದೆ, ನೋಂದಣಿ ಕಡ್ಡಾಯ. ಮರಿ ಕೊಳ್ಳುವಾಗ ಬಣ್ಣ, ಕೂದಲು, ಮೂತಿಯ ಗಿಡ್ಡ ಎಲ್ಲವನ್ನೂ ಕೇಳುವ ನಾವು, ತಾಯಿಯನ್ನು ಅಂಗಳದಲ್ಲಿ ಹತ್ತು ಹೆಜ್ಜೆ ಓಡಿಸಿ ತೋರಿಸಿ ಎಂದು ಕೇಳುವುದಿಲ್ಲ.

ಮುತ್ತುವಿನ ಬಲಗಾಲಿಗೆ ಕಳೆದ ವರ್ಷ ಆಪರೇಷನ್ ಆಯಿತು. ಎಡಗಾಲನ್ನು ಹಾಗೇ ಬಿಟ್ಟಿದ್ದಾರೆ. ಮೊದಲ ಹತ್ತು ದಿನ ಅಕ್ಕ ಅವಳ ಪಕ್ಕ ಚಾಪೆ ಹಾಸಿಕೊಂಡು ಮಲಗಿದಳು, ಕುತ್ತಿಗೆಯ ಕೋನ್ ಗೋಡೆಗೆ ಬಡಿಯುವ ಸದ್ದಿಗೆ ಭಾವ ಬೇರೆ ಕೋಣೆಗೆ ಹೋದರು. ಆರನೇ ವಾರದ ಎಕ್ಸ್‌ರೇಯಲ್ಲಿ ಎಲುಬು ಕೂಡಿಕೊಂಡಿತ್ತು. ತೂಕ ಒಂದು ಕಿಲೋ ಇಳಿದಿದೆ, ಮಾರಿ ಬಿಸ್ಕತ್ತಿನ ಜಾಗಕ್ಕೆ ಸೌತೆಕಾಯಿ ಬಂದಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಈಗ ಇನ್ನೊಂದು ಲೆಕ್ಕವೂ ಇದೆ. ಮುತ್ತು ಎಡಗಾಲು ಎತ್ತಿದ ದಿನ ಒಂದು ಗೀಟು. ಹೋದ ವಾರ ಹೋಗಿದ್ದಾಗ ಎಣಿಸಿದೆ. ತಿಂಗಳಿಗೆ ಮೂರು ಗೀಟು, ಅದರಲ್ಲೂ ಒಂದು ದಿನ ಮಳೆ ಬಂದು ವರಾಂಡ ಒದ್ದೆಯಾಗಿತ್ತಂತೆ. "ಹತ್ತು ದಾಟಿದರೆ ಡಾಕ್ಟರಿಗೆ ಫೋನ್ ಮಾಡ್ತೀನಿ" ಅಂದಳು ಅಕ್ಕ, ಪೆನ್ಸಿಲನ್ನು ದಾರಕ್ಕೆ ಕಟ್ಟಿ ಮೊಳೆಗೆ ನೇತುಹಾಕುತ್ತ.